ಎರಡು ಕಡೆಯ ರಾಯಭಾರಿ: ತಾಳವಾಡಿ ಬೆಟ್ಟಗಳ ವನ್ಯಜೀವಿ ಸಂರಕ್ಷಣೆ ಮತ್ತು ಯುವಜನ

ತಾಳವಾಡಿ ಎಂದೊಡನೆ ಕನ್ನಡಿಗರಿಗೆ ಮೊದಲು ನೆನಪಾಗುವುದು ದೊಡ್ಡಗಾಜನೂರು, ಅದರೊಂದಿಗೆ ವರನಟ ಡಾ. ರಾಜ್‌ಕುಮಾರ್. ಅದರಾಚೆಗೆ ಈ ಸೀಮೆಯ ಪರಿಚಯ ನಮ್ಮಲ್ಲಿ ಬಹುಮಂದಿಗೆ ಅಷ್ಟಾಗಿ ಇಲ್ಲ. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ಈ ಎತ್ತರದ ಬಯಲು ಸುತ್ತಲೂ ಕಾಡಿನಿಂದ ಆವೃತವಾಗಿದೆ. ತೆಂಕಣಕ್ಕೆ ದಿಂಬಂ ಘಾಟಿಯ 27 ತಿರುವುಗಳನ್ನಿಳಿದರೆ ಬಣ್ಣಾರಿ, ಅಲ್ಲಿಂದ ಮುಂದೆ ಸತ್ಯಮಂಗಲ. ಬಡಗಣಕ್ಕೆ ಚಾಮರಾಜನಗರ, ಮೂಡಣಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು, ಪಡುವಣಕ್ಕೆ ತಲಮಲೆ ಮತ್ತು ಮೋಯಾರ್ ಕಣಿವೆ. ಇಲ್ಲಿನ ಊರುಗಳಲ್ಲಿ ಮನೆಮಾತು ಬಹುಪಾಲು ಕನ್ನಡ. ಕಾಡಂಚಿನ ಹಾಡಿಗಳಲ್ಲಿ ಸೋಲಿಗರು, ಊರಾಳಿಗಳು, ಇರುಳಿಗರು ನೆಲೆಸಿದ್ದಾರೆ.

ಈ ಸೀಮೆಯ ಇತಿಹಾಸವನ್ನು ಗಡಿವಿವಾದದ ದೃಷ್ಟಿಯಿಂದ ಬರೆದವರಿದ್ದಾರೆ, ಕಾಡುಗಳ್ಳತನದ ದೃಷ್ಟಿಯಿಂದ ಬರೆದವರಂತೂ ಬಹಳ ಮಂದಿ. ಪ್ರಸ್ತುತ ಲೇಖನದ ದೃಷ್ಟಿ ಬೇರೆ. ಇಂದು ವನ್ಯಜೀವಿ ಸಂರಕ್ಷಣೆಯ ಸ್ವಯಂಸೇವಾ ಸಂಸ್ಥೆಗಳು ಎಲ್ಲೆಡೆ ತರುಣ ತರುಣಿಯರನ್ನು ‘ಯುವ ರಾಯಭಾರಿ’ಗಳೆಂದು ಕರೆದು ಕೆಲಸಕ್ಕೆ ಹಚ್ಚುತ್ತಿವೆ. ನಮ್ಮ ಸಂಘದ ಕುಟುಂಬಗಳ ಮಕ್ಕಳೂ ಶಾಲೆಯಲ್ಲೋ ಕಾಲೇಜಿನಲ್ಲೋ ಇಂಥ ಬಿಲ್ಲೆ ಧರಿಸಿ ಬಂದಿರಬಹುದು. ಈ ಪದವಿಗೆ ತಾಳವಾಡಿಯಂಥ ನೆಲದಲ್ಲಿ ಏನು ಅರ್ಥ? ಅದರ ಹಿಂದೆ ಯಾವ ಪರಂಪರೆಯಿದೆ? ಇವನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಇಲ್ಲಿನ ಉದ್ದೇಶ.

ರಾಯಭಾರವೆಂದರೆ ಒಬ್ಬರ ಮಾತಿನ ಹೊಣೆ ಹೊತ್ತು ಮತ್ತೊಬ್ಬರ ಬಳಿಗೆ ಹೋಗುವುದು. ಕೃಷ್ಣಸಂಧಾನದ ಪ್ರಸಂಗವನ್ನು ತಾಳಮದ್ದಳೆಯಲ್ಲಿ ಕೇಳಿದವರಿಗೆ ಇದು ಹೊಸದಲ್ಲ. ಹೋದವನು ತನ್ನವರ ಮಾತನ್ನು ಹೇಳಬೇಕು, ಎದುರಿನವರ ಮಾತನ್ನು ಕೇಳಿಕೊಂಡು ಹಿಂದಿರುಗಬೇಕು. ಹೇಳಿ ಬಂದು ಕೇಳದೆ ಬಂದವನನ್ನು ಡಂಗುರದವನೆನ್ನಬಹುದೇ ಹೊರತು ರಾಯಭಾರಿಯೆನ್ನಲಾಗದು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಗಡಿಗಳು ಬದಲಾದ ನೆಲ

ತಾಳವಾಡಿ ಸೀಮೆ ಎಂದೂ ಒಂದೇ ಆಡಳಿತದ ಮಡಿಲಲ್ಲಿ ನಿಶ್ಚಿಂತೆಯಿಂದ ಇದ್ದುದಿಲ್ಲ. ಮೋಯಾರ್ ಮತ್ತು ಭವಾನಿ ನದಿಗಳು ಕೂಡುವೆಡೆ ಹೊಯ್ಸಳ ದಂಡನಾಯಕರ ಹೆಸರು ಹೊತ್ತ ದಣ್ಣಾಯಕನ ಕೋಟೆಯಿತ್ತು. ಈಗ ಅದು ಭವಾನಿಸಾಗರ ಜಲಾಶಯದ ನೀರಿನಡಿಯಲ್ಲಿದ್ದು, ನೀರು ತೀರ ಇಳಿದ ವರ್ಷಗಳಲ್ಲಿ ಮಾತ್ರ ಅಲ್ಲಿನ ಹಳೆಯ ದೇಗುಲ ತಲೆಯೆತ್ತಿ ಕಾಣಿಸಿಕೊಳ್ಳುತ್ತದೆ. 1790ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಗಜ್ಜಲಹಟ್ಟಿ ಕಣಿವೆಯನ್ನಿಳಿದು ಸತ್ಯಮಂಗಲದ ಬಳಿ ಇಂಗ್ಲಿಷರನ್ನು ಎದುರಿಸಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಯಮತ್ತೂರು ಪ್ರಾಂತ ಕಂಪನಿಯ ವಶವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು; ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. 1979ರಲ್ಲಿ ಈರೋಡ್ ಪ್ರತ್ಯೇಕ ಜಿಲ್ಲೆಯಾಯಿತು, 2016ರಲ್ಲಿ ತಾಳವಾಡಿ ಪ್ರತ್ಯೇಕ ತಾಲ್ಲೂಕಾಯಿತು.

ಜನರ ಬಂಧುತ್ವ ಮಾತ್ರ ಈ ಗೆರೆಗಳನ್ನು ಲೆಕ್ಕಿಸಲಿಲ್ಲ. ಮದುವೆ, ಸಂತೆ, ಜಾತ್ರೆ, ಮಲೆ ಮಹದೇಶ್ವರನ ಬೆಟ್ಟದ ಪಾದಯಾತ್ರೆ ಎಲ್ಲವೂ ಗಡಿಯನ್ನು ದಾಟಿಯೇ ನಡೆದವು. ಗುಮಟಾಪುರದಲ್ಲಿ ದೀಪಾವಳಿ ಮುಗಿಯುತ್ತಲೇ ಸಗಣಿಯ ಗುಡ್ಡೆಗಳ ನಡುವೆ ನಡೆಯುವ ಗೊರೆ ಹಬ್ಬಕ್ಕೆ ಎರಡು ರಾಜ್ಯಗಳ ಜನ ಸೇರುತ್ತಾರೆ. ಕಾಡಿನ ಪ್ರಾಣಿಗಳೂ ಹಾಗೆಯೇ. ಬಂಡೀಪುರದ ಆನೆ ಮುದುಮಲೆಗೆ ಹೋಗಿ, ಮೋಯಾರ್ ಕಣಿವೆಯಲ್ಲಿ ನೀರು ಕುಡಿದು, ತಲಮಲೆ, ಹಾಸನೂರು, ಪುಣಜೂರುಗಳ ಮಾರ್ಗವಾಗಿ ಬಿಳಿಗಿರಿಯನ್ನು ಸೇರಬಲ್ಲದು. ಪೂರ್ವಘಟ್ಟಕ್ಕೂ ಪಶ್ಚಿಮಘಟ್ಟಕ್ಕೂ ಬೆಸುಗೆಯಂತಿರುವ ಈ ಕಾಡು ತುಂಡಾದರೆ ಎರಡು ಕಡೆಯ ಹಿಂಡುಗಳೂ ದ್ವೀಪವಾಸಿಗಳಾಗುತ್ತವೆ. ಈ ನೆಲದ ಮಹತ್ತ್ವ ಅಡಗಿರುವುದು ಇಲ್ಲಿ.

ಬೇಟೆಯಿಂದ ಅಧ್ಯಯನದವರೆಗೆ

ಈ ಬೆಟ್ಟಗಳ ವನ್ಯಜೀವಿಗಳನ್ನು ಕುರಿತು ಮೊದಲು ಬರೆದವರು ಬೇಟೆಗಾರರು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಜಿ. ಪಿ. ಸ್ಯಾಂಡರ್ಸನ್ ಚಾಮರಾಜನಗರದ ಸಮೀಪದ ಮೋರ್ಲೆಯಲ್ಲಿ ನೆಲೆಸಿ, 1874ರಲ್ಲಿ ಖೆಡ್ಡಾ ವಿಧಾನದಿಂದ ಆನೆಗಳ ಹಿಂಡನ್ನೇ ಸೆರೆಹಿಡಿದನು. 1878ರಲ್ಲಿ ತನ್ನ ಹದಿಮೂರು ವರ್ಷಗಳ ಅನುಭವವನ್ನು ಗ್ರಂಥವಾಗಿಸಿದನು. ಬಿಳಿಗಿರಿ ಬೆಟ್ಟದಲ್ಲಿ ಕಾಫಿ ತೋಟ ಮಾಡಿದ್ದ ಆರ್. ಸಿ. ಮಾರಿಸ್ ಬೇಟೆಗಾರನೂ ಹೌದು, ಪ್ರಕೃತಿ ವೀಕ್ಷಕನೂ ಹೌದು. 1939–40ರಲ್ಲಿ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಗೆಂದು ಬಂದಾಗ ಈ ಬೆಟ್ಟಸಾಲಿಗೂ ಭೇಟಿಯಿತ್ತರು. ಕೆನೆತ್ ಆಂಡರ್ಸನ್ನರ ಬೇಟೆಯ ಕಥನಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದು, ಕನ್ನಡದ ಎಷ್ಟೋ ಹುಡುಗರಿಗೆ ಕಾಡಿನ ಹುಚ್ಚು ಹಿಡಿಸಿದರು.

ಈ ಬರಹಗಳಲ್ಲೆಲ್ಲ ಒಂದು ಸಮಾನಾಂಶವಿದೆ. ಬರೆದವನ ಹೆಸರು ಗ್ರಂಥದ ಮೇಲೆ ಮೆರೆಯುತ್ತದೆ. ಹೆಜ್ಜೆ ಗುರುತು ತೋರಿಸಿದ, ನೀರಿನ ತಾವು ಹೇಳಿದ, ಆನೆಯ ವಾಸನೆಯನ್ನು ಗಾಳಿಯಲ್ಲೇ ಹಿಡಿದ ಸೋಲಿಗನೋ ಇರುಳಿಗನೋ ಒಳಪುಟಗಳಲ್ಲಿ ಅರ್ಧ ಹೆಸರಾಗಿ ಉಳಿಯುತ್ತಾನೆ. ಕಾಡಿನ ಮೊದಲ ರಾಯಭಾರಿಗಳು ಇವರೇ. ಸೋಲಿಗರು ಹುಲಿಯನ್ನೇರಿದ ಹುಲಿವೀರಪ್ಪನನ್ನು ಪೂಜಿಸುತ್ತಾರೆ. ತಮ್ಮ ಕುಲದ ಕುಸುಮಾಲೆಯನ್ನು ವರಿಸಿದನೆಂಬ ಕಾರಣಕ್ಕೆ ಬಿಳಿಗಿರಿರಂಗನನ್ನು ಭಾವನೆಂದು ಕರೆಯುತ್ತಾರೆ. ಬೆಟ್ಟದ ದೇವರೊಡನೆ ನಂಟಸ್ತನ ಬೆಳೆಸಿದ ಜನರಿಗೆ ಸಂರಕ್ಷಣೆಯೆಂಬ ಪದವನ್ನು ಹೊರಗಿನಿಂದ ಕಲಿಸಬೇಕಾಗಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯ ಯುಗ ಮುಗಿದು ಅಧ್ಯಯನದ ಯುಗ ಮೊದಲಾಯಿತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಮಾಧವ ಗಾಡ್ಗೀಳರ ಶಿಷ್ಯರಾದ ತರುಣ ಸಂಶೋಧಕ ರಾಮನ್ ಸುಕುಮಾರ್ ಹಾಸನೂರನ್ನು ನೆಲೆಯಾಗಿಸಿಕೊಂಡು ಸತ್ಯಮಂಗಲ ಮತ್ತು ಚಾಮರಾಜನಗರ ಅರಣ್ಯ ವಿಭಾಗಗಳ ಆನೆಗಳನ್ನು ಅಭ್ಯಸಿಸಿದರು. ಆವರೆಗೆ ಆನೆಯ ಶಾಸ್ತ್ರ ಹೆಚ್ಚಾಗಿ ಕಾಡಿನೊಳಗಿನ ಶಾಸ್ತ್ರವಾಗಿತ್ತು. ಸುಕುಮಾರ್ ಅವರು ರೈತನ ರಾಗಿಯ ಹೊಲವನ್ನೂ ಅಧ್ಯಯನದ ಕ್ಷೇತ್ರವಾಗಿಸಿಕೊಂಡರು. ಬೆಳೆಗೆ ನುಗ್ಗುವುದರಲ್ಲಿ ಮರಿಗಳಿರುವ ಹೆಣ್ಣಾನೆಯ ಹಿಂಡುಗಳಿಗಿಂತ ಪ್ರಾಯದ ಗಂಡಾನೆಗಳು ಬಹುಪಾಲು ಮುಂದು. ಹೆಚ್ಚು ಪುಷ್ಟಿಯಾದ ಆಹಾರಕ್ಕಾಗಿ ಅವು ಹೆಚ್ಚಿನ ಅಪಾಯವನ್ನು ಎದುರುಹಾಕಿಕೊಳ್ಳುತ್ತವೆ ಎಂಬುದನ್ನು ಅವರು ಲೆಕ್ಕವಿಟ್ಟು ತೋರಿಸಿದರು. 1989ರಲ್ಲಿ ಪ್ರಕಟವಾದ ಅವರ ಗ್ರಂಥ ಇಂದಿಗೂ ಏಷ್ಯಾದ ಆನೆಗಳ ಅಧ್ಯಯನಕ್ಕೆ ಆಧಾರವಾಗಿದೆ. ಅಟ್ಟಣೆಯ ಮೇಲೆ ರಾತ್ರಿ ಕಾವಲು ಕೂರುವ ರೈತನ ಸಂಕಟ ವಿಜ್ಞಾನದ ಪುಟಗಳಿಗೆ ಏರಿದ್ದು ಹೀಗೆ, ನಮ್ಮ ಹಾಸನೂರಿನಿಂದ.

ನಂಬಿಕೆ ಮುರಿದ ವರ್ಷಗಳು

ಇದೇ ಕಾಲಕ್ಕೆ ಕಾಡಿನಲ್ಲಿ ಬೇರೊಂದು ಕಥೆ ಬೆಳೆಯುತ್ತಿತ್ತು. ದಂತ ಮತ್ತು ಶ್ರೀಗಂಧದ ಕಳ್ಳಸಾಗಣೆಯಿಂದ ವೀರಪ್ಪನ್ ಎರಡು ರಾಜ್ಯಗಳನ್ನೂ ಕಂಗೆಡಿಸಿದ್ದನು. ಈ ಅಧ್ಯಾಯದಲ್ಲಿ ನಾವು ನೆನೆಯಬೇಕಾದ ಹೆಸರು ಪಿ. ಶ್ರೀನಿವಾಸ್ ಅವರದು. ಆಂಧ್ರದಲ್ಲಿ ಹುಟ್ಟಿ ಕರ್ನಾಟಕದ ಅರಣ್ಯ ಸೇವೆಗೆ ಬಂದ ಅವರು ವೀರಪ್ಪನ್‌ನ ಊರಾದ ಗೋಪಿನಾಥದಲ್ಲಿಯೇ ಉಳಿದು, ಅಲ್ಲಿನ ಜನರಿಗೆ ಔಷಧೋಪಚಾರದ ವ್ಯವಸ್ಥೆ ಮಾಡಿ, ಮಾರಿಯಮ್ಮನ ಗುಡಿ ಕಟ್ಟಿಸಿದರು. ಬಂದೂಕಿನಿಂದ ಆಗದಿದ್ದುದನ್ನು ಮಾತಿನಿಂದ ಸಾಧಿಸಬಹುದೆಂದು ನಂಬಿ ಹೋದವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದನು. ಮರಣೋತ್ತರವಾಗಿ ಅವರಿಗೆ ಕೀರ್ತಿಚಕ್ರ ಸಂದಿತು. ಗೋಪಿನಾಥದ ಜನ ಅವರನ್ನು ಇಂದಿಗೂ ಮರೆತಿಲ್ಲ. ರಾಯಭಾರಿಯ ಪದವಿಗೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ಈ ಬೆಟ್ಟಗಳಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ.

ಆ ಬಳಿಕದ ವರ್ಷಗಳಲ್ಲಿ ಕಾಡಂಚಿನ ಜನ ಇಕ್ಕಟ್ಟಿಗೆ ಸಿಲುಕಿದರು. ಒಂದು ಕಡೆ ಕಾಡುಗಳ್ಳನ ಭಯ, ಮತ್ತೊಂದು ಕಡೆ ಕಾರ್ಯಾಚರಣೆಗೆ ಬಂದ ಪಡೆಗಳ ವಿಚಾರಣೆಯ ಭಯ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದ ಸಮಿತಿಯಿಂದ ತನಿಖೆ ಮಾಡಿಸಿ, 2007ರಲ್ಲಿ 89 ಮಂದಿಗೆ ಪರಿಹಾರ ನೀಡುವಂತೆ ಶಿಫಾರಸು ಮಾಡಿತು. ಈ ನೋವನ್ನೇ ವಸ್ತುವಾಗಿಸಿಕೊಂಡು ಬಾಲಮುರುಗನ್ ಅವರು ತಮಿಳಿನಲ್ಲಿ ‘ಸೋಳಗರ್ ತೊಟ್ಟಿ’ ಕಾದಂಬರಿಯನ್ನು ಬರೆದರು. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅವರ ಅಪಹರಣವಾಗಿ, 108 ದಿನಗಳ ಬಳಿಕ ನವೆಂಬರ್ 15ರಂದು ಬಿಡುಗಡೆಯಾದುದನ್ನು ಕನ್ನಡಿಗರಾರೂ ಮರೆಯಲಾರರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದನು. ಅವನ ಕಾಲ ಮುಗಿದರೂ ಖಾಕಿಯನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಅಭ್ಯಾಸ ಹಾಡಿಗಳಲ್ಲಿ ಬೇಗನೆ ಹೋಗಲಿಲ್ಲ. ಸಂರಕ್ಷಣೆಯ ಕೆಲಸಕ್ಕೆ ಸಮವಸ್ತ್ರವಿಲ್ಲದ, ಊರವರೇ ಆದ ಯುವಜನ ಬೇಕಾದುದು ಈ ಕಾರಣದಿಂದ.

ಸ್ವಯಂಸೇವೆಯ ಪರಂಪರೆ

ಯುವಜನರನ್ನು ಪ್ರಕೃತಿಯ ಕೆಲಸಕ್ಕೆ ಕರೆತರುವ ಪ್ರಯತ್ನ ಜಗತ್ತಿನಾದ್ಯಂತ ನಡೆದಿದೆ. 1991ರಲ್ಲಿ ತಾಂಜಾನಿಯಾದಲ್ಲಿ ಜೇನ್ ಗುಡಾಲ್ ಅವರು ಹನ್ನೆರಡು ವಿದ್ಯಾರ್ಥಿಗಳೊಡನೆ ಆರಂಭಿಸಿದ ‘ರೂಟ್ಸ್ ಅಂಡ್ ಶೂಟ್ಸ್’ ಚಳವಳಿ ಅನೇಕ ದೇಶಗಳಿಗೆ ಹಬ್ಬಿತು. ಭಾರತದಲ್ಲಿ 1969ರಲ್ಲಿ ಸ್ಥಾಪನೆಯಾದ ವಿಶ್ವ ವನ್ಯಜೀವಿ ನಿಧಿಯ ಶಾಖೆಯು ಶಾಲೆಗಳಲ್ಲಿ ನಿಸರ್ಗ ಸಂಘಗಳನ್ನು ಬೆಳೆಸಿತು.

ಕನ್ನಡನಾಡಿನ ಪರಂಪರೆಯೂ ಕಡಿಮೆಯದಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದವರಲ್ಲಿ ಊರಿನ ಯುವಕ ಮಂಡಳಿಯವರು ಮುಂದಿದ್ದರು. ನಾಗರಹೊಳೆಯ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರು ಸೇವೆಯಿಂದ ಹೊರಬಂದ ಮೇಲೆ ಊರೂರಿನ ಶಾಲಾಮಕ್ಕಳಿಗೆ ಕಾಡಿನ ಪಾಠ ಹೇಳುವುದನ್ನೇ ವ್ರತವಾಗಿಸಿಕೊಂಡರು. ಶಿವರಾಮ ಕಾರಂತರ ಪುತ್ರ ಉಲ್ಲಾಸ ಕಾರಂತರು 1980ರ ದಶಕದಿಂದ ನಾಗರಹೊಳೆಯಲ್ಲಿ ನಡೆಸಿದ ಬಲಿಪ್ರಾಣಿಗಳ ಎಣಿಕೆಗೆ ಬೆಂಗಳೂರು, ಮೈಸೂರುಗಳ ಹವ್ಯಾಸಿ ಸ್ವಯಂಸೇವಕರನ್ನೇ ತರಬೇತುಗೊಳಿಸಿ ಬಳಸಿಕೊಂಡರು; ಬೆಳಗಿನ ಜಾವ ನೇರಗೆರೆಯಲ್ಲಿ ಸದ್ದಿಲ್ಲದೆ ನಡೆದು ಜಿಂಕೆ, ಕಡವೆ, ಕಾಟಿಗಳನ್ನೆಣಿಸಿದ ಆ ಯುವಕರಲ್ಲಿ ಹಲವರು ಮುಂದೆ ಸಂರಕ್ಷಣೆಯನ್ನೇ ಬದುಕಾಗಿಸಿಕೊಂಡರು. ಎಂಜಿನಿಯರ್ ಉದ್ಯೋಗ ತೊರೆದು ಬಂದ ಸಂಜಯ್ ಗುಬ್ಬಿಯವರು ಮಲೆ ಮಹದೇಶ್ವರ ಬೆಟ್ಟ ಮತ್ತು ಕಾವೇರಿ ಕಣಿವೆಯ ಕಾಡುಗಳಿಗಾಗಿ ದುಡಿದು 2017ರಲ್ಲಿ ವಿಟ್ಲಿ ಪ್ರಶಸ್ತಿ ಪಡೆದರು. ಕನ್ನಡದಲ್ಲಿಯೂ ಬರೆಯುತ್ತ ಬಂದಿದ್ದಾರೆ. ವನ್ಯಜೀವಿ ಅಧ್ಯಯನ ಕೇಂದ್ರವು 2015ರಲ್ಲಿ ‘ವೈಲ್ಡ್ ಸೇವೆ’ ಎಂಬ ಯೋಜನೆಯಿಂದ ಬಂಡೀಪುರ, ನಾಗರಹೊಳೆಗಳ ಸುತ್ತಲಿನ ರೈತರಿಗೆ ಪರಿಹಾರದ ಅರ್ಜಿ ಸಲ್ಲಿಸಲು ನೆರವಾಗತೊಡಗಿತು. 2018ರಲ್ಲಿ ‘ವೈಲ್ಡ್ ಶಾಲೆ’ಯ ಮೂಲಕ ಕಾಡಂಚಿನ ಮಕ್ಕಳಿಗೆ ಆಟಪಾಠಗಳಲ್ಲಿ ಕಾಡನ್ನು ಪರಿಚಯಿಸಿತು.

ಈ ಎರಡು ಯೋಜನೆಗಳ ಕ್ರಮ ಗಮನಾರ್ಹವಾಗಿದೆ. ಮೊದಲು ರೈತನ ನಷ್ಟಕ್ಕೆ ಕಿವಿಗೊಡುವ ಸೇವೆ, ಆಮೇಲೆ ಅವನ ಮಕ್ಕಳಿಗೆ ಪಾಠ. ಹಾನಿಯ ಲೆಕ್ಕ ಕೇಳದೆ ಉಪದೇಶಕ್ಕೆ ಹೊರಟವರಿಗೆ ಹಳ್ಳಿಯ ಜಗುಲಿಯಲ್ಲಿ ಚಾಪೆ ಸಿಗುವುದಿಲ್ಲ.

ಹುಲಿ ಹೆಚ್ಚಿತು, ಹೊಣೆಯೂ ಹೆಚ್ಚಿತು

2008ರಲ್ಲಿ ಸತ್ಯಮಂಗಲ ವನ್ಯಜೀವಿಧಾಮ ಘೋಷಣೆಯಾಯಿತು. 2011ರಲ್ಲಿ ಅದರ ವ್ಯಾಪ್ತಿಯನ್ನು ಸುಮಾರು 1,411 ಚದರ ಕಿಲೋಮೀಟರ್‌ಗಳಿಗೆ ವಿಸ್ತರಿಸಲಾಯಿತು. 2013ರಲ್ಲಿ ಅದು ತಮಿಳುನಾಡಿನ ನಾಲ್ಕನೆಯ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಮ್ಮೆ ಕಾಡುಗಳ್ಳರ ಬೀಡೆನಿಸಿದ್ದ ಈ ಅರಣ್ಯದಲ್ಲಿ 2010ರಿಂದೀಚೆಗೆ ಹುಲಿಗಳ ಸಂಖ್ಯೆ ಇಮ್ಮಡಿಯನ್ನೂ ಮೀರಿ 80ರ ಹತ್ತಿರಕ್ಕೆ ಬಂದುದರಿಂದ, 2022ರ ಜನವರಿಯಲ್ಲಿ ನೇಪಾಳದ ಬರ್ದಿಯಾ ರಾಷ್ಟ್ರೀಯ ಉದ್ಯಾನದೊಂದಿಗೆ ಅಂತರರಾಷ್ಟ್ರೀಯ ‘ಟಿಎಕ್ಸ್2’ ಪ್ರಶಸ್ತಿಗೆ ಪಾತ್ರವಾಯಿತು. ಇದು ನಾವೆಲ್ಲರೂ ಹೆಮ್ಮೆಪಡಬೇಕಾದ ಸಂಗತಿ.

ಆದರೆ ಹೆಮ್ಮೆಯ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತಿದೆಯೆಂಬುದನ್ನೂ ನೋಡಬೇಕು. ಹುಲಿ ಸಂರಕ್ಷಿತ ಪ್ರದೇಶದ ಘೋಷಣೆಗೆ ಮೊದಲೇ ಇಲ್ಲಿ ವಿರೋಧ ವ್ಯಕ್ತವಾಗಿತ್ತು. ತಮ್ಮನ್ನು ಒಕ್ಕಲೆಬ್ಬಿಸಬಹುದೆಂಬ ಭೀತಿ ಅದರ ಮೂಲ. 2022ರ ಫೆಬ್ರವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ಬಣ್ಣಾರಿಯಿಂದ ಕಾರಪಳ್ಳದವರೆಗಿನ ಹೆದ್ದಾರಿಯಲ್ಲಿ ರಾತ್ರಿ ಸಂಚಾರದ ಮೇಲೆ ನಿರ್ಬಂಧ ಜಾರಿಯಾಯಿತು. ವಾಹನಕ್ಕೆ ಸಿಕ್ಕು ಸಾಯುವ ಪ್ರಾಣಿಗಳ ಪಾಲಿಗೆ ಅದು ವರ. ಕೋಸು, ಬೀಟ್‌ರೂಟ್, ಟೊಮೆಟೊಗಳನ್ನು ಬೆಳಗಿನ ಮಾರುಕಟ್ಟೆಗೆ ಮುಟ್ಟಿಸಬೇಕಾದ ರೈತನಿಗೆ ಅದು ಸಂಕಟ. ಜನ ಬೀದಿಗಿಳಿದ ಮೇಲೆ ನಿಯಮಗಳಲ್ಲಿ ಸ್ಥಳೀಯರಿಗೆ ಸಡಿಲಿಕೆ ದೊರೆಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಅರಣ್ಯದಲ್ಲಿ ದನ ಮೇಯಿಸುವುದನ್ನು ನಿಷೇಧಿಸಿದ ನ್ಯಾಯಾಲಯದ ಆದೇಶವೂ ಬಂದಿತು. ಬಳಿಕ ಅದನ್ನು ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಲಾಯಿತು. ದನದ ಹಬ್ಬವನ್ನೇ ಊರಹಬ್ಬವಾಗಿ ಆಚರಿಸುವ ಸೀಮೆಗೆ ಇದರಿಂದ ಎಂಥ ಆತಂಕವಾಯಿತೆಂಬುದನ್ನು ವಿವರಿಸಬೇಕಾಗಿಲ್ಲ.

2023ರ ಏಪ್ರಿಲ್‌ನಲ್ಲಿ ಸೆರೆಸಿಕ್ಕ ‘ಕರುಪ್ಪನ್’ ಎಂಬ ಗಂಡಾನೆಯ ಪ್ರಸಂಗ ಇನ್ನೂ ಹಸಿಯಾಗಿದೆ. ತಾಳವಾಡಿ, ಜೀರಹಳ್ಳಿ ಸುತ್ತಿನ ಹೊಲಗಳಿಗೆ ಪದೇ ಪದೇ ನುಗ್ಗಿ, ಕಾವಲಿಗಿದ್ದ ರೈತರ ಪ್ರಾಣಹಾನಿಗೂ ಕಾರಣವಾದ ಅದನ್ನು ಹಿಡಿಯಲು ಪಳಗಿದ ಆನೆಗಳನ್ನು ತರಿಸಿ, ಹಲವು ಬಾರಿ ವಿಫಲರಾಗಿ, ಕೊನೆಗೆ ಅರಿವಳಿಕೆ ಮದ್ದು ಹಾರಿಸಿ ಸೆರೆಹಿಡಿದು ದೂರದ ಕಾಡಿಗೆ ಸಾಗಿಸಿದರು. ಸುಕುಮಾರ್ ಅವರು ನಾಲ್ಕು ದಶಕಗಳ ಹಿಂದೆ ಇದೇ ನೆಲದಲ್ಲಿ ಲೆಕ್ಕವಿಟ್ಟಿದ್ದ ಗಂಡಾನೆಯ ಸ್ವಭಾವ ಹಾಗೆಯೇ ಇದೆ. ರಾಗಿಯ ಜೊತೆಗೆ ಕಬ್ಬು, ಬಾಳೆ, ಮೆಕ್ಕೆಜೋಳ ಬಂದು ಹೊಲದ ಆಕರ್ಷಣೆ ಇಮ್ಮಡಿಸಿದೆ.

ರಾಯಭಾರಿಯ ಕೆಲಸ

ಇಂಥ ನೆಲದಲ್ಲಿ ಯುವ ರಾಯಭಾರಿ ಮಾಡಬೇಕಾದುದು ಏನು? ಒಂದು ಉದಾಹರಣೆ ಸಾಕು. ತಾಳವಾಡಿ ಕಡೆಯಿಂದ ಸತ್ಯಮಂಗಲಕ್ಕೆ ಕಬ್ಬು ಹೊತ್ತು ಇಳಿಯುವ ಲಾರಿಗಳನ್ನು ಕಾರಪಳ್ಳದ ಚೆಕ್‌ಪೋಸ್ಟ್ ಸಮೀಪ ಆನೆಗಳು ಕಾದು ನಿಲ್ಲುವುದುಂಟು. ಮಿತಿಮೀರಿ ಪೇರಿಸಿದ ಲಾರಿಯಿಂದ ಜಲ್ಲೆ ಉದುರುತ್ತದೆ, ಕೆಲವೊಮ್ಮೆ ಚಾಲಕರೇ ಎಸೆಯುತ್ತಾರೆ. ರುಚಿ ಹತ್ತಿದ ತಾಯಿಯಾನೆ ಮರಿಯನ್ನೂ ರಸ್ತೆಗೆ ಕರೆತರುತ್ತದೆ. ಚಾಲಕನಿಗೆ ಅದು ಪುಣ್ಯದ ಕೆಲಸ, ಗಣೇಶನಿಗೆ ಅರ್ಪಿಸಿದ ನೈವೇದ್ಯ. ಅವನಿಗೆ ಕಾನೂನಿನ ಕಲಮು ಓದಿಹೇಳಿದರೆ ಪ್ರಯೋಜನವಿಲ್ಲ. ‘ಅಣ್ಣಾ, ನೀವು ಇವತ್ತು ಹಾಕಿದ ಜಲ್ಲೆಗೆ ನಾಳೆ ಇನ್ನೊಬ್ಬರ ಗಾಡಿಯನ್ನು ಅದು ಅಡ್ಡಗಟ್ಟುತ್ತದೆ’ ಎಂದು ಅವನ ಮಾತಿನಲ್ಲೇ ಹೇಳಬಲ್ಲ ಊರಿನ ಹುಡುಗ ಬೇಕು. ಅದೇ ಹುಡುಗ ಇಲಾಖೆಯ ಕಡೆಗೆ ತಿರುಗಿ, ಕಬ್ಬಿನ ಲಾರಿಗೆ ಎತ್ತರದ ಮಿತಿಯನ್ನು ಕಾರ್ಖಾನೆಯ ಅಂಗಳದಲ್ಲೇ ಪರೀಕ್ಷಿಸಿ ಎಂದೂ ಹೇಳಬೇಕು.

ಹೊಲಕ್ಕೆ ಅಕ್ರಮವಾಗಿ ವಿದ್ಯುತ್ ಹರಿಸಿದ ಬೇಲಿ ಆನೆಯನ್ನೂ ಕೊಲ್ಲುತ್ತದೆ, ಪಕ್ಕದ ಮನೆಯ ಮಗುವನ್ನೂ ಕೊಲ್ಲುತ್ತದೆ ಎಂದು ರೈತನಿಗೆ ತಿಳಿಸುವುದು ರಾಯಭಾರ. ಆನೆ ಕಂದಕ ಎಲ್ಲಿ ಮುಚ್ಚಿಹೋಗಿದೆ, ಸೌರಬೇಲಿ ಎಲ್ಲಿ ಕೆಟ್ಟುನಿಂತಿದೆ, ಪರಿಹಾರದ ಅರ್ಜಿ ಯಾವ ಮೇಜಿನ ಮೇಲೆ ಉಳಿದಿದೆ ಎಂದು ಅಧಿಕಾರಿಗೆ ತಿಳಿಸುವುದೂ ಅಷ್ಟೇ ಮಟ್ಟಿಗೆ ರಾಯಭಾರ. ಮೊದಲನೆಯದನ್ನು ಮಾತ್ರ ಮಾಡುವವನನ್ನು ಜನ ನಂಬರು. ಎರಡನೆಯದನ್ನು ಮಾತ್ರ ಮಾಡಿದರೆ ಮಾತನಾಡಲಾರದ ಪ್ರಾಣಿಯ ಪಕ್ಷ ಬರಿದಾಗುತ್ತದೆ.

ಇಲ್ಲಿಯೇ ಭಾಷೆಯ ಪ್ರಶ್ನೆ ಎದುರಾಗುತ್ತದೆ. ತಾಳವಾಡಿಯಲ್ಲಿ ಕಛೇರಿಯ ಕಡತ ತಮಿಳಿನಲ್ಲಿದೆ, ಸಂರಕ್ಷಣಾ ಸಂಸ್ಥೆಗಳ ವರದಿ ಇಂಗ್ಲಿಷಿನಲ್ಲಿದೆ, ನಷ್ಟ ಅನುಭವಿಸಿದವನ ದುಃಖ ಕನ್ನಡದಲ್ಲಿದೆ. ಈ ಮೂರನ್ನೂ ಬಲ್ಲ ತಲೆಮಾರು ಈಗ ಬೆಳೆದಿದೆ. 2006ರ ತಮಿಳು ಕಲಿಕಾ ಕಾಯಿದೆಯು ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದಾಗ ಕನ್ನಡ ಮಾಧ್ಯಮದ ಮಕ್ಕಳ ಭವಿಷ್ಯದ ಬಗ್ಗೆ ನಾವು ಕಳವಳಪಟ್ಟೆವು. ಆ ಕಳವಳ ನ್ಯಾಯವಾದುದೇ. ಆದರೂ ಕನ್ನಡ ಮನೆಯಲ್ಲಿ ಬೆಳೆದು ತಮಿಳನ್ನು ಓದಿ ಬರೆಯಬಲ್ಲ ತರುಣ ತರುಣಿಯರು ಇಂದು ಎರಡೂ ಕಡೆ ಸಲ್ಲುತ್ತಾರೆ. ಅವರ ಕನ್ನಡ ಉಳಿದರೆ ಮಾತ್ರ ಈ ಅನುಕೂಲ ಉಳಿಯುತ್ತದೆ. ಹಾಡಿಯ ಅಜ್ಜನೊಡನೆ ಮಾತನಾಡಲಾರದ ಮೊಮ್ಮಗ ಕಾಡಿನ ರಾಯಭಾರಿಯಾಗಲಾರ. ಹಳ್ಳ, ಬಾರೆ, ಕಣಿವೆ, ಮರಡಿಗಳ ಹೆಸರುಗಳೆಲ್ಲ ಆ ಅಜ್ಜನ ನಾಲಗೆಯ ಮೇಲಿವೆ. ಬಿಳಿಗಿರಿಯ ಸೋಲಿಗರು ತಮ್ಮ ನೂರಾರು ದೇವತಾಣಗಳನ್ನು ನಕ್ಷೆಗಿಳಿಸಿದ್ದು, 2011ರಲ್ಲಿ ಅಲ್ಲಿನ ಗ್ರಾಮಸಭೆಗಳು ಸಮುದಾಯ ಅರಣ್ಯ ಹಕ್ಕನ್ನು ಪಡೆದದ್ದು ಇಂಥ ತಿಳಿವಳಿಕೆಯ ಬಲಕ್ಕೆ ಸಾಕ್ಷಿ.

ಉಪಸಂಹಾರ

ಬೇಟೆಗಾರನ ಜೊತೆಗಾರನಾಗಿ ಮೊದಲು ಕಾಣಿಸಿಕೊಂಡ ಊರ ಯುವಕ, ಸಂಶೋಧಕನ ಸಹಾಯಕನಾಗಿ, ಭಯದ ವರ್ಷಗಳಲ್ಲಿ ಶಂಕಿತನಾಗಿ ನಿಂತವನು, ಇಂದು ರಾಯಭಾರಿಯೆಂಬ ಹೆಸರು ಪಡೆಯುತ್ತಿದ್ದಾನೆ. ನೂರೈವತ್ತು ವರ್ಷಗಳ ಈ ನಡಿಗೆಯಲ್ಲಿ ಅವನ ತಿಳಿವಳಿಕೆಯನ್ನು ಎಲ್ಲರೂ ಬಳಸಿಕೊಂಡರು. ಅವನ ಮಾತನ್ನು ಸಭೆಯಲ್ಲಿ ಕೂರಿಸಿ ಕೇಳುವ ಕಾಲ ಈಗ ಬರಬೇಕಾಗಿದೆ.

ನಮ್ಮ ಸಂಘದಂಥ ಸಂಸ್ಥೆಗಳಿಗೆ ಇಲ್ಲಿ ಮಾಡಲು ಕೆಲಸವಿದೆ. ಕಾಡಂಚಿನ ಕನ್ನಡ ಶಾಲೆಗಳಿಗೆ ಪ್ರಾಣಿಪಕ್ಷಿಗಳ ಕುರಿತ ಕನ್ನಡ ಪುಸ್ತಕಗಳನ್ನು ತಲುಪಿಸಬಹುದು. ಪರಿಹಾರದ ಅರ್ಜಿಯ ನಿಯಮಗಳನ್ನು ಸರಳ ಕನ್ನಡದಲ್ಲಿ ಅಚ್ಚುಮಾಡಿಸಿ ಹಂಚಬಹುದು. ತಾಳವಾಡಿ ಸೀಮೆಯ ಹಿರಿಯರಿಂದ ಕಾಡಿನ ಸ್ಥಳನಾಮಗಳನ್ನೂ ಅವುಗಳ ಹಿಂದಿನ ಐತಿಹ್ಯಗಳನ್ನೂ ಸಂಗ್ರಹಿಸುವ ಹೊಣೆಯನ್ನು ಕಾಲೇಜು ವಿದ್ಯಾರ್ಥಿಗಳಿಗೆ ವಹಿಸಬಹುದು. ರಜೆಯಲ್ಲಿ ಮಕ್ಕಳನ್ನು ದಿಂಬಂ ಘಾಟಿಯ ಮೇಲೆ ಕರೆದೊಯ್ಯುವ ಸದಸ್ಯರು ಆನೆಯ ಚಿತ್ರ ತೆಗೆಯುವುದಕ್ಕೆ ಗಾಡಿ ನಿಲ್ಲಿಸದೆ ಮುಂದೆ ಹೋಗಿ, ತಾಳವಾಡಿಯ ಒಬ್ಬ ರೈತನ ಜಗುಲಿಯಲ್ಲಿ ಅರ್ಧ ಗಂಟೆ ಕುಳಿತು ಕಳೆದ ರಾತ್ರಿ ಹೊಲದಲ್ಲಿ ಏನಾಯಿತೆಂದು ಕೇಳಲಿ. ರಾಯಭಾರದ ಮೊದಲ ಪಾಠ ಅಲ್ಲಿಯೇ ಆಗುತ್ತದೆ.